ಕೆಂಪು ಗಿಟಾರಿನ ವ್ಯಾಪಾರ

ತಬಸ್ಸುಮ ಹದಿನೇಳು ವರ್ಷಗಳ ಮೇಲೆ ಬಂದು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದಾಗ ಶಫೀಕನ ತಲೆ ಸ್ಪೀಕರ್ ಡಬ್ಬಿಯೊಳಗಿತ್ತು. ಬೇರೆಯವರಿಗಾದರೆ ಇಂಥ ಗಳಿಗೆಗೆ ಮೊದಲು ಕೂದಲು ಬಾಚಿಕೊಳ್ಳುವಷ್ಟಾದರೂ ಪುರಸೊತ್ತು ಸಿಗುತ್ತದೆ. ಇವನ ಹಣೆಬರಹ ನೋಡಿ: ಬೆನ್ನು ಹೊರಗೆ, ತಲೆ ಒಳಗೆ, ಬಾಯಲ್ಲಿ ಸ್ಕ್ರೂಡ್ರೈವರ್.

“ಎಲೆಕ್ಟ್ರಿಕ್ ಗಿಟಾರ್ ತಗೋಬೇಕಿತ್ರಿ,” ಎಂದಿತು ಹೊರಗಿನ ಹೆಣ್ಣು ದನಿ. “ಕಡಿಮಿ ರೊಕ್ಕಕ್ಕ ಚಲೋದು ಎಲ್ಲಿ ಸಿಗತೈತಿ ಅಂತ ಕೇಳಿದ್ರ ಎಲ್ಲಾರೂ ಬೆಟಗೇರಿ ಶಫೀಕ ಉಸ್ತಾದರನ್ನ ಕೇಳ್ರಿ ಅಂದ್ರು.”

ಉಸ್ತಾದ್ ಅನ್ನಿಸಿಕೊಂಡರೆ ಶಫೀಕ ಸ್ವಲ್ಪ ಉಬ್ಬುತ್ತಾನೆ. ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡು ಡಬ್ಬಿಯ ಒಳಗಿನಿಂದಲೇ ಪಾಠ ಶುರು ಮಾಡಿದ.

“ಮೊದಲ ಒಂದು ಮಾತು ತಿಳ್ಕೋರಿ. ಇದ್ದ ರೊಕ್ಕಾ ಎಲ್ಲಾ ಗಿಟಾರಿಗೇ ಸುರೀಬ್ಯಾಡ್ರಿ. ದನಿ ದೊಡ್ಡದು ಮಾಡೂ ಆಂಪ್ ಇಲ್ಲಂದ್ರ ಅದು ಬರೇ ಹಲಗಿ. ಗಿಟಾರಿಗೆ ಅರ್ಧ, ಆಂಪು, ವೈರು, ತಂತಿ ಎಲ್ಲಾ ಸೇರಿ ಇನ್ನರ್ಧ. ಹೊಸಾದು ತಗೊಂಡ್ರ ಬಣ್ಣಕ್ಕ ರೊಕ್ಕಾ ಕೊಟ್ಟಂಗ. ಹಳೇದು ತಗೊಂಡ್ರ ಕತ್ತು ಸೀದಾ ಐತೋ ಇಲ್ಲೋ ನೋಡಬೇಕು. ಬಣ್ಣ ನೋಡಿ ಮಳ್ಳ ಆಗಬಾರದು.”

“ಖರೆ ಐತಿ. ಎತ್ತಿಗೂ ಮೊದ್ಲ ಹಲ್ಲು ನೋಡತಾರ್ರಿ. ಬಣ್ಣ ಆಮ್ಯಾಲ.”

ಶಫೀಕನ ತಲೆ ಮೇಲೆದ್ದು ಡಬ್ಬಿಯ ಮರಕ್ಕೆ ದಡ್ಡನೆ ಬಡಿಯಿತು. ಗಿಟಾರ್ ಅಂದರೆ ಎತ್ತು ನೆನಪಾಗುವ ಹೆಂಗಸು ಈ ಜಿಲ್ಲೆಯಲ್ಲಿ ಒಬ್ಬಳೇ ಇದ್ದಾಳೆ.

ಹೊರಗೆ ಬಂದು ನೋಡಿದ. ತಲೆ ತುಂಬ ಹೊದ್ದ ಬೂದು ಬಣ್ಣದ ದುಪಟ್ಟಾ, ಅದರಡಿಯಿಂದ ಇಣುಕುತ್ತಿದ್ದ ಎರಡು ಬಿಳಿ ಕೂದಲು, ಕಣ್ಣಿನ ಪಕ್ಕ ಸಣ್ಣ ಗೆರೆಗಳು. ಕಣ್ಣು ಮಾತ್ರ ಅದೇ. ಎದುರಿನವನ ಬೆಲೆ ಕಟ್ಟುತ್ತ, ಬೆಲೆ ಹೇಳದೆ ನಗುವ ಕಣ್ಣು.

“ತಬಸ್ಸುಮ!”

“ಗುರ್ತು ಹಿಡದ್ರಲ್ಲ ನೀವು. ಹಣಿ ಮ್ಯಾಲ ಬುಗುಟಿ ಎದ್ದೈತಿ ನೋಡ್ಕೋರಿ.”

ಬುಗುಟೆ ಅವನಿಗೆ ನೋಯಲಿಲ್ಲ. ಆ ‘ನೀವು’ ನೋಯಿಸಿತು. ಒಂದು ಕಾಲಕ್ಕೆ ಆಕೆ ಅವನನ್ನು ‘ನೀ’ ಎಂದೇ ಕರೆಯುತ್ತಿದ್ದಳು, ಅದೂ ಜಗಳದ ದನಿಯಲ್ಲಿ.

“ಯಾರಿಗೆ ಗಿಟಾರು?” ಎಂದು ಕೇಳಿದ, ಬೇರೇನೂ ಹೊಳೆಯದೆ.

“ಅಕ್ಕನ ಮಗಳು ಯಾಸ್ಮೀನಗ. ಕಾಲೇಜಿನ್ಯಾಗ ಬಾರಸ್ತಾಳಂತ.” ಹೀಗೆ ಹೇಳುವಾಗ ಆಕೆ ಅವನ ಮುಖ ಬಿಟ್ಟು ಗೋಡೆಯ ಮೇಲಿನ ಹಾರ್ಮೋನಿಯಂ ನೋಡಿದಳು. “ಗದಗಿನ್ಯಾಗ ಒಂದು, ಶಿರಹಟ್ಟಿಯೊಳಗ ಒಂದು, ಲಕ್ಷ್ಮೇಶ್ವರದಾಗ ಒಂದು, ಮೂರು ಗಿಟಾರು ಮಾರಾಟಕ್ಕ ಅದಾವು. ಮೋಬೈಲ್‌ನ್ಯಾಗ ನೋಡೀನಿ. ನಾಳೆ ಜತಿಗೆ ಬಂದು ಪರೀಕ್ಷಾ ಮಾಡಿ ಕೊಡ್ತೀರೇನು?”

ಒಂದು ದಿನ. ಇಡೀ ಒಂದು ದಿನ. ಶಫೀಕ ಬೀಗದ ಕೈ ಹುಡುಕುವವನಂತೆ ಜೇಬು ತಡವಿಕೊಂಡ. “ಬರ್ತೀನಿ,” ಎಂದ.

*

ಈಗ ಹದಿನೇಳು ವರ್ಷ ಹಿಂದಕ್ಕೆ ಹೋಗದೆ ಗತಿಯಿಲ್ಲ. ಶಫೀಕನಂತೂ ಆ ರಾತ್ರಿ ಹೋಗಿ ಬಂದ.

ತಬಸ್ಸುಮಳ ತಂದೆ ನಿಜಾಮುದ್ದೀನ ಮುಂಡರಗಿ ಕಡೆಯ ದನದ ಸಂತೆಗಳಲ್ಲಿ ಹೆಸರಾದ ದಲಾಲಿ. ಜೊತೆಗೆ ಹಗ್ಗ, ಮೂಗುದಾರ, ಗೆಜ್ಜೆಗಳ ಒಂದು ಅಂಗಡಿ. ಮಗಳು ಗದಗಿನ ಕಾಲೇಜಿಗೆ ಸೇರಿದಾಗ ಬೆಟಗೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಆ ಓಣಿಯಲ್ಲಿ ಎರಡು ಮನೆ ದಾಟಿದರೆ ಶಫೀಕನದು. ನೇಕಾರರ ಮನೆ, ತಂದೆ ತೀರಿಕೊಂಡ ಮೇಲೆ ಮಗ್ಗ ನಿಂತಿತ್ತು, ಆ ಮಗ್ಗದ ಕೋಣೆಯಲ್ಲಿ ಶಫೀಕ ರೇಡಿಯೋ ರಿಪೇರಿ ಮಾಡುತ್ತಿದ್ದ. ಒಂದು ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಗಿಟಾರ್ ನುಡಿಸುತ್ತಿದ್ದ. ಕೆಂಪು ಎಲೆಕ್ಟ್ರಿಕ್ ಗಿಟಾರು. ಓಣಿಯ ಮುದುಕರು ಅದನ್ನು ‘ಕೆಂಪು ಪಿಡುಗು’ ಎನ್ನುತ್ತಿದ್ದರು.

ಗಿಟಾರಿನ ಪಿಕಪ್, ಅಂದರೆ ತಂತಿಯ ದನಿಯನ್ನು ಹಿಡಿಯುವ ಸುರುಳಿ, ಸುಟ್ಟುಹೋದಾಗ ಹೊಸದು ತರಲು ಅವನ ಹತ್ತಿರ ದುಡ್ಡಿರಲಿಲ್ಲ. ತಾಯಿ ಮೋತಿಬಿ ನೂಲು ಸುತ್ತುವ ಕಂಡಿಕೆ ರಾಟಿಯ ಮೇಲೆ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಏರಿಸಿ, ತಾನೇ ಸುತ್ತಿಬಿಟ್ಟ. ತುದಿ ಬಿಚ್ಚದಂತೆ ಮೋತಿಬಿ ಹಸಿರು ರೇಷ್ಮೆ ದಾರದಿಂದ ನೇಕಾರರ ಗಂಟು ಹಾಕಿ ಕೊಟ್ಟಳು. ಗಿಟಾರು ಮೊದಲಿಗಿಂತ ಚೆನ್ನಾಗಿ ಹಾಡಿತು ಎಂದು ಶಫೀಕ ಹೇಳುತ್ತಿದ್ದ. ತಬಸ್ಸುಮ ಚಿಕ್ಕಮ್ಮನ ಕೆಟ್ಟ ರೇಡಿಯೋ ಹಿಡಿದುಕೊಂಡು ಬಂದು ಇದನ್ನೆಲ್ಲ ನೋಡುತ್ತ ಕೂತಿರುತ್ತಿದ್ದಳು. ಆ ರೇಡಿಯೋ ಎರಡು ವರ್ಷದಲ್ಲಿ ಹನ್ನೊಂದು ಸಲ ಕೆಟ್ಟಿತು.

ಅವನಿಗೆ ಟವೆಲ್ ವ್ಯಾಪಾರ ಕಲಿಸಿದ್ದು ಆಕೆಯೇ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಹಿಡಿದು ಮೇಲೊಂದು ಟವೆಲ್ ಹೊದಿಸುತ್ತಾರೆ, ಕೆಳಗೆ ಬೆರಳು ಮಾತಾಡುತ್ತವೆ. ಒಂದು ಬೆರಳು ಹಿಡಿದರೆ ಸಾವಿರ, ಅರ್ಧ ಬೆರಳು ಹಿಡಿದರೆ ಐನೂರು. ಸುತ್ತ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಮಗ್ಗದ ಕೋಣೆಯಲ್ಲಿ ಅವರಿಬ್ಬರೂ ಬಾರಿಹಣ್ಣಿಗೆ ಹೀಗೆ ವ್ಯಾಪಾರ ಮಾಡುತ್ತಿದ್ದರು. ಪ್ರತಿ ಸಲ ಆಕೆಯೇ ಗೆಲ್ಲುತ್ತಿದ್ದಳು, ಯಾಕೆಂದರೆ ಬೆರಳು ತಾಗಿದ ಕೂಡಲೆ ಶಫೀಕನಿಗೆ ಲೆಕ್ಕ ಮರೆತುಹೋಗುತ್ತಿತ್ತು.

ಪರೀಕ್ಷೆ ಮುಗಿದ ದಿನ ಆಕೆ ಬಂದು “ಒಂದು ವ್ಯಾಪಾರ ಐತಿ” ಅಂದಳು. ದುಪಟ್ಟಾದ ಸೆರಗು ಹೊದಿಸಿ ಕೈ ಚಾಚಿದಳು. ಅವನು ನಗುತ್ತ ಕೈ ಕೊಟ್ಟ. ಆಕೆ ಒಂದು ಬೆರಳು ಹಿಡಿಯಲಿಲ್ಲ, ಎರಡು ಹಿಡಿಯಲಿಲ್ಲ. ಐದನ್ನೂ ಒಟ್ಟಿಗೆ ಹಿಡಿದು, ಅವನ ಕಣ್ಣು ನೋಡುತ್ತ ನಿಂತಳು. ನಗುತ್ತಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ತಾಯಿಯ ಬಳೆ ಸದ್ದು ಹತ್ತಿರ ಬಂತು, ಶಫೀಕ ಗಾಬರಿಯಾಗಿ ಕೈ ಎಳೆದುಕೊಂಡ.

ತಬಸ್ಸುಮ ದುಪಟ್ಟಾ ಸರಿಮಾಡಿಕೊಂಡು ಹೊರಟುಹೋದಳು. ಮರುದಿನ ಊರಿಗೆ. ಎರಡು ತಿಂಗಳಿಗೆ ಕುಷ್ಟಗಿಯ ಕಡೆ ನಿಕಾಹ್. ಶಫೀಕ ನಡುವೆ ಎರಡು ಸಲ ಮುಂಡರಗಿಗೆ ಹೋಗಿ, ಹಗ್ಗದ ಅಂಗಡಿಯ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಬಂದಿದ್ದ. ಎರಡನೆಯ ಸಲ ಆಕೆ ಕಂಡಳು, ನೋಡಿದಳು, ಒಳಗೆ ಹೋದಳು. ಯಾಕೆ? ಐದೂ ಬೆರಳು ಹಿಡಿದವಳು ಒಂದು ಮಾತೂ ಆಡದೆ ಹೋದದ್ದು ಯಾಕೆ? ಅದೇ ಪ್ರಶ್ನೆ ಹೊತ್ತುಕೊಂಡು ಅವನು ಗಿಟಾರು ಮಾರಿದ, ಮದುವೆ ಬೇಡವೆಂದ, ನಲವತ್ತು ದಾಟಿದ. ಆರು ವರ್ಷದ ಹಿಂದೆ ಆಕೆಯ ಗಂಡ ಕಾಯಿಲೆಯಲ್ಲಿ ಹೋದರೆಂದೂ, ಆಕೆ ತವರಿಗೆ ಬಂದು ಅಪ್ಪನ ಅಂಗಡಿ ನಡೆಸುತ್ತಿದ್ದಾಳೆಂದೂ ಓಣಿಯಲ್ಲಿದ್ದ ಆಕೆಯ ಚಿಕ್ಕಮ್ಮನಿಂದ ಖಬರು ಬಂದಿತ್ತು. ಆಗಲೂ ಹೋಗಿ ಕೇಳುವ ಧೈರ್ಯ ಬರಲಿಲ್ಲ.

ನಾಳೆ ಕೇಳಿಯೇ ತೀರುವುದೆಂದು ಶಫೀಕ ನಿಶ್ಚಯ ಮಾಡಿದ. ಗಿಟಾರು ಕೊಂಡಾದ ಮೇಲೆ ಆಕೆಗೆ ಈ ಅಂಗಡಿಗೆ ಬರಲು ನೆಪವೇ ಉಳಿಯುವುದಿಲ್ಲ.

ಬೆಳಿಗ್ಗೆ ಮೋತಿಬಿ ಮಗನನ್ನು ಮೇಲಿಂದ ಕೆಳಗೆ ನೋಡಿದಳು. “ಗಿಟಾರ್ ನೋಡಾಕ ಇಸ್ತ್ರಿ ಅಂಗಿ ಯಾಕೋ? ಅತ್ತರ್ ಬ್ಯಾರೆ?”

“ಅಂಗಡಿಯವ್ರು ಮರ್ಯಾದಿ ಕೊಡ್ತಾರಮ್ಮಾ.”

“ಕೊಡ್ತಾರ, ಕೊಡ್ತಾರ,” ಎಂದಳು ಮೋತಿಬಿ, ರಾಟಿ ತಿರುಗಿಸುತ್ತ.

*

ಗದಗಿನ ಅಂಗಡಿಯ ಗಿಟಾರು ಹೊಚ್ಚ ಹೊಸದು, ನೀಲಿ. ತಬಸ್ಸುಮ ಅದನ್ನು ಮುಟ್ಟಲೇ ಇಲ್ಲ, ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಶಫೀಕ ಕತ್ತಿನ ತುದಿಗೆ ಕಣ್ಣಿಟ್ಟು ನೋಡಿದ, ಕತ್ತಿನ ಮೇಲಿನ ಅಡ್ಡ ಲೋಹದ ಫ್ರೆಟ್ಟುಗಳ ಅಂಚಿಗೆ ಬೆರಳು ಸವರಿದ.

“ಅಂಚು ಕೈ ಕೊಯ್ತಾವು. ದನಿ ಸಣ್ಣದೈತಿ. ಸ್ಟಿಕರ್ ಮಾತ್ರ ದೊಡ್ಡದೈತಿ.”

“ಕೊಂಬಿಗೆ ಬಣ್ಣ ಬಳದಾರ ಅನ್ರಿ,” ಎಂದಳು ತಬಸ್ಸುಮ. ಅಂಗಡಿಯವನು ಇಬ್ಬರನ್ನೂ ಪಿಳಿಪಿಳಿ ನೋಡಿದ.

ಶಿರಹಟ್ಟಿಯದು ಒಬ್ಬ ನಿವೃತ್ತ ಗುಮಾಸ್ತರ ಮನೆಯ ಗಿಟಾರು. ಬೆಲೆ ಕೇಳಿದರೆ ಯಾರಿಗಾದರೂ ಬಾಯಲ್ಲಿ ನೀರು ಬರಬೇಕು, ಅಷ್ಟು ಕಡಿಮೆ. ಬಿಸಿಲಿನ ಗೋಡೆಗೆ ಒರಗಿಸಿಟ್ಟು ಕತ್ತು ಬಾಗಿತ್ತು. ಮೇಲಿನ ಸ್ವರ ಸರಿ, ಕೆಳಗೆ ಹೋದಂತೆ ಅಪಸ್ವರ.

“ಇದನ್ನ ತಗೊಂಡ್ರ ರಿಪೇರಿಗೆ ಇನ್ನೊಂದು ಗಿಟಾರಿನ ರೊಕ್ಕಾ ಹೋಗತೈತಿ,” ಎಂದ ಶಫೀಕ ಹೊರಗೆ ಬಂದ ಮೇಲೆ. “ಕಡಿಮಿ ಬೆಲಿ ಬ್ಯಾರೆ, ಕಡಿಮಿ ಬೆಲಿಗೆ ಚಲೋ ಮಾಲು ಬ್ಯಾರೆ.”

“ಅದನ್ನ ನನಗ ಹೇಳ್ತೀರಾ? ನಾ ಯಾರ ಮಗಳು?”

ಶಿರಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿಯವಳ ಹತ್ತಿರ ಬಾರಿಹಣ್ಣಿತ್ತು. ಇಬ್ಬರೂ ಒಟ್ಟಿಗೆ ನೋಡಿದರು, ಒಟ್ಟಿಗೆ ಕಣ್ಣು ತಿರುಗಿಸಿದರು. ಕಡೆಗೆ ಶಫೀಕ ಹೋಗಿ ಒಂದು ಪೊಟ್ಟಣ ತಂದ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ, ಇವನು ಈ ಕಡೆ, ನಡುವೆ ಪೊಟ್ಟಣ.

“ಈಗ ನುಡಸೂದಿಲ್ಲೇನು ನೀವು?” ಎಂದಳು ಆಕೆ, ಹೊರಗಿನ ಮೆಣಸಿನಗಿಡಗಳನ್ನು ನೋಡುತ್ತ.

“ಇಲ್ಲ. ಮಂದಿ ಗಿಟಾರು ರಿಪೇರಿ ಮಾಡ್ತೀನಿ. ಸರಿ ಆತೋ ಇಲ್ಲೋ ನೋಡಾಕ ನಾಕ ಸಲ ಮೀಟ್ತೀನಿ, ಅಷ್ಟ.”

“ಯಾಕ ಬಿಟ್ರಿ?”

“ಕೇಳವ್ರು ಇರಲಿಲ್ಲ.”

ತಬಸ್ಸುಮ ಬಾರಿಹಣ್ಣಿನ ಬೀಜವನ್ನು ಕಿಟಕಿಯಿಂದ ಹೊರಗೆಸೆದಳು. ಅವಳ ಕಿವಿ ಕೆಂಪಾದದ್ದು ಶಫೀಕನಿಗೆ ಕಂಡಿತು. ಈಗ ಕೇಳಬೇಕು ಎಂದುಕೊಂಡ, ಬಾಯಿ ತೆರೆದ. ಕಂಡಕ್ಟರ್ ಬಂದು “ಟಿಕೆಟ್, ಟಿಕೆಟ್” ಎಂದ. ಹಾಳಾದವನು.

*

ಲಕ್ಷ್ಮೇಶ್ವರದ ಕೊಟ್ರಪ್ಪ ಒಂದು ಕಾಲಕ್ಕೆ ಆರ್ಕೆಸ್ಟ್ರಾ ನಡೆಸಿದವನು. ಈಗ ಒಂದು ಜೋಡಿ ಎತ್ತು ಸಾಕಿಕೊಂಡು, ಅವುಗಳ ಮೈ ತಿಕ್ಕುವುದರಲ್ಲೇ ಸುಖವಾಗಿದ್ದ. ಅಟ್ಟದಿಂದ ಹಳೆಯ ಚಾದರಿನಲ್ಲಿ ಸುತ್ತಿದ ಗಂಟು ಇಳಿಸಿ ಜಗಲಿಯ ಮೇಲಿಟ್ಟು ಬಿಚ್ಚಿದ.

ಕೆಂಪು ಗಿಟಾರು.

ಶಫೀಕ ಕೈ ಹಾಕದೆ ನಿಂತ. ಕೆಂಪು ಗಿಟಾರುಗಳು ಲೋಕದಲ್ಲಿ ಎಷ್ಟೋ ಇವೆ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಎತ್ತಿ ಹಿಂಬದಿ ತಿರುಗಿಸಿದ. ಕೆಳಗಿನ ಮೂಲೆಯಲ್ಲಿ ಅವರೆಕಾಳಿನಷ್ಟು ಕಪ್ಪು ಸುಟ್ಟ ಕಲೆ. ಕಾದ ಕಡ್ಡಿಯಿಂದ ಬೆಸುಗೆ ಹಾಕಿ ನೋಡುತ್ತೇನೆಂದು ಹಟ ಹಿಡಿದು, ಕೈ ತಪ್ಪಿ ಬೀಳಿಸಿದವಳು ಈಗ ಅವನ ಪಕ್ಕದಲ್ಲೇ ನಿಂತು, ಏನೂ ಅರಿಯದವಳಂತೆ ಜಗಲಿಗೆ ಕಟ್ಟಿದ ಎತ್ತಿನ ಕೋಡು ಸವರುತ್ತಿದ್ದಳು.

ಶಫೀಕ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಸ್ಕ್ರೂ ಬಿಚ್ಚಿ ಪಿಕಪ್ ಎತ್ತಿ ನೋಡಿದ. ತಾಮ್ರದ ಸುರುಳಿಯ ತುದಿಯಲ್ಲಿ ಹಸಿರು ರೇಷ್ಮೆ ದಾರ, ಬಣ್ಣ ಮಾಸಿದ್ದರೂ ಗಂಟು ಬಿಚ್ಚಿರಲಿಲ್ಲ. ಅಮ್ಮನ ಗಂಟು. ಶಫೀಕನ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ಕತ್ತು ಸೀದಾ ಇದೆಯೇ ಎಂದು ಬಹಳ ಹೊತ್ತು ನೋಡಿದ, ಪಿಕಪ್ ಮತ್ತೆ ಕೂರಿಸಿ ಕೊಟ್ರಪ್ಪನ ಹಳೆಯ ಆಂಪಿಗೆ ಹಚ್ಚಿ ಮೀಟಿದ.

“ಹೆಂಗೈತಿ ಮಾಲು?” ತಬಸ್ಸುಮ ಕೇಳಿದಳು.

“ಕತ್ತು ಸೀದಾ ಐತಿ. ದನಿ… ಗೊರಗೊರ ಅಂತೈತಿ, ಸುರುಳಿ ಸಡಲೈತಿ. ಸುತ್ತಿದ್ರ ಸರಿ ಆಗತೈತಿ. ಮೂರರಾಗ ಇದಕ್ಕಿಂತ ಚಲೋದು ಇಲ್ಲ.”

ಕೊಟ್ರಪ್ಪ ಹತ್ತು ಸಾವಿರ ಎಂದ. ತಬಸ್ಸುಮ ಆರು ಎಂದಳು. ಆಕೆ ಯಾರ ಮಗಳೆಂದು ತಿಳಿದಾಗ ಕೊಟ್ರಪ್ಪನ ಮುಖ ಅರಳಿತು. “ನಿಜಾಮುದ್ದೀನ ಮಗಳಾ! ಈ ಎತ್ತು ಕೊಡಿಸಿದವ್ರು ಅವ್ರ ನೋಡವ್ವಾ. ಇವತ್ತ ಅವ್ರ ಬಂದಿದ್ರ ಹಿಂಗ ಬಾಯಿ ಮಾಡ್ತಿರಲಿಲ್ಲ, ಟವೆಲ್ಲಿನ್ಯಾಗ ಮುಗಸ್ತಿದ್ರು.” ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹಾಕಿಕೊಂಡ. ಹೆಂಗಸಿನ ಕೈ ಹಿಡಿಯುವಂತಿಲ್ಲವೆಂದು ನೆನಪಾಗಿ ಶಫೀಕನ ಕಡೆ ಚಾಚಿದ.

“ಹೋಗ್ರಿ, ಹಾಕ್ರಿ ಕೈ,” ಎಂದಳು ತಬಸ್ಸುಮ. ತಗ್ಗಿದ ದನಿಯಲ್ಲಿ ಹೇಳಿದಳು: “ಏಳರ ತನಕ ಹೋಗ್ರಿ. ಎಂಟರ ಕೆಳಗ ಇಳೀಲಿಲ್ಲಂದ್ರ ಮಾತಾಡಬ್ಯಾಡ್ರಿ, ಕೈ ತಗೀರಿ ಸಾಕು. ಕೈ ತಗದ್ರ ವ್ಯಾಪಾರ ಮುರದಂಗ.”

“ಮುರದಂಗ?”

“ಮತ್ತೇನು!” ಎಂದ ಕೊಟ್ರಪ್ಪ. “ಸಂತಿ ಕಾಯ್ದೆ ಗೊತ್ತಿಲ್ಲೇನೋ ತಮ್ಮಾ? ಕೈ ಎಳಕೊಂಡ್ರ ‘ಒಲ್ಲೆ’ ಅಂದಂಗ. ಬಾಯಿಲೆ ಒಲ್ಲೆ ಅಂದವ್ನನ್ನ ಹತ್ತು ಸಲ ಕೇಳಬಹುದು, ಕೈ ಎಳಕೊಂಡವ್ನನ್ನ ಮತ್ತ ಕೇಳಿದ್ರ ಮರ್ಯಾದಿ ಹೋಗತೈತಿ. ಕೈ ಎಳಕೊಂಡವ್ನ ತಾನಾಗಿ ಮತ್ತ ಚಾಚಬೇಕು. ಅಲ್ಲಿತನಕ ಆ ಕಡೆ ಹೊಳ್ಳಿ ನೋಡಬಾರದು.”

ಶಫೀಕನಿಗೆ ಕೊಟ್ರಪ್ಪನ ಜಗಲಿ ಕಾಣಲಿಲ್ಲ. ಮಗ್ಗದ ಕೋಣೆ ಕಂಡಿತು. ದುಪಟ್ಟಾದ ಕೆಳಗೆ ಐದೂ ಬೆರಳು, ನಗದೆ ನೋಡುತ್ತಿದ್ದ ಆ ಕಣ್ಣು, ಬಳೆ ಸದ್ದು, ಎಳೆದುಕೊಂಡ ತನ್ನ ಕೈ. ಬಾರಿಹಣ್ಣಿನ ವ್ಯಾಪಾರದಲ್ಲಿ ಇವನು ಕೈ ಎಳೆದದ್ದೇ ಇರಲಿಲ್ಲ, ಆಕೆ ಆ ಕಾಯ್ದೆ ಹೇಳುವ ಪ್ರಸಂಗವೇ ಬಂದಿರಲಿಲ್ಲ. ದಲಾಲಿಯ ಮಗಳು ತನ್ನ ಜೀವವನ್ನೇ ಕೈಯಲ್ಲಿಟ್ಟು ಕೇಳಿದ್ದಳು, ನೇಕಾರನ ಮಗ ತಾಯಿಗೆ ಅಂಜಿ ‘ಒಲ್ಲೆ’ ಎಂದುಬಿಟ್ಟಿದ್ದ. ಹೇಳಿದ್ದೇನೆಂದು ತನಗೇ ಗೊತ್ತಿಲ್ಲದೆ.

ಅವನು ಮೆಲ್ಲಗೆ ತಬಸ್ಸುಮಳ ಕಡೆ ನೋಡಿದ. ಆಕೆ ತಕ್ಷಣ ಮುಖ ತಿರುಗಿಸಿದಳು, ಎತ್ತಿನ ಕೋಡನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಟವೆಲ್ಲಿನ ಕೆಳಗೆ ಕೊಟ್ರಪ್ಪ ಒಂಬತ್ತು ತೋರಿಸಿದ. ಶಫೀಕ ಸುಮ್ಮನಿದ್ದ. ಕೊಟ್ರಪ್ಪ ಎಂಟೂವರೆಗೆ ಇಳಿದ. ಈಗ ಕೈ ತೆಗೆಯಬೇಕಿತ್ತು. ತಬಸ್ಸುಮ ಕೆಮ್ಮಿದಳು, ಮತ್ತೆ ಕೆಮ್ಮಿದಳು. ಶಫೀಕನ ಕೈ ಟವೆಲ್ಲಿನೊಳಗಿಂದ ಹೊರಬರಲೇ ಇಲ್ಲ. “ಆತು, ಮುಗೀತು!” ಎಂದು ಕೊಟ್ರಪ್ಪ ಖುಷಿಯಿಂದ ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡ.

*

“ಒಂದೂವರಿ ಸಾವಿರ ನೀರಾಗ ಹಾಕಿದ್ರಿ,” ಎಂದಳು ತಬಸ್ಸುಮ, ಗದಗಿನ ಬಸ್ಸಿನಲ್ಲಿ ಕೂತ ಮೇಲೆ. ಗಿಟಾರು ಚಾದರು ಹೊದ್ದು ಅವರಿಬ್ಬರ ನಡುವೆ ಮೂರನೆಯ ಪ್ರಯಾಣಿಕನಂತೆ ನಿಂತಿತ್ತು. “ಕೈ ತಗೀರಿ ಅಂದಿದ್ನಲ್ಲ?”

“ತಗಿಯಾಕ ಆಗಲಿಲ್ಲ.”

“ಯಾಕ?”

“ಒಂದು ಸಲ ತಗದಿದ್ದೆ. ಸಾಕು ಅನಿಸ್ತು.”

ಬಸ್ಸು ಒಂದು ಹಳ್ಳದ ಸೇತುವೆ ದಾಟಿತು.

“ತಬಸ್ಸುಮ, ನನಗ ಖರೇನ ಗೊತ್ತಿರಲಿಲ್ಲ. ಅಮ್ಮನ ಬಳಿ ಸಪ್ಪಳ ಕೇಳಿ ಹೆದರಿ ತಗದೆ. ಅಷ್ಟ. ಒಲ್ಲೆ ಅಂತ ಅಲ್ಲ. ನಾ ಎಂದೂ ಒಲ್ಲೆ ಅಂದಿಲ್ಲ. ಒಲ್ಲೆ ಅನ್ನೂದು ನನ್ನ ಮನಸಿನ್ಯಾಗ ಬಂದೇ ಇಲ್ಲ.”

ಆಕೆ ಮೊದಲು ನಕ್ಕಳು. ಆಮೇಲೆ ದುಪಟ್ಟಾದ ಅಂಚಿನಿಂದ ಕಣ್ಣೊತ್ತಿಕೊಂಡಳು. ಆಮೇಲೆ ಅವಳಿಗೆ ಸಿಟ್ಟು ಬಂತು. “ಬಳಿ ಸಪ್ಪಳ! ಬಳಿ ಸಪ್ಪಳಕ್ಕ ಹದಿನೇಳು ವರ್ಷ! ಮುಂಡರಗಿಗೆ ಬಂದು ಎದುರಿಗೆ ಚಹಾ ಕುಡದ್ರಿ, ಎರಡು ಹೆಜ್ಜಿ ದಾಟಿ ಬಂದು ಒಂದು ಮಾತು ಕೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು? ನಾ ಒಳಗ ಬಾಗಲ ಸಂದಿಯಿಂದ ನೋಡಕೋತ ನಿಂತಿದ್ದೆ. ಈಗ ಎದ್ದು ಬರ್ತಾನ, ಈಗ ಕೈ ಚಾಚ್ತಾನ ಅಂತ. ಚಹಾ ಕುಡದು ಹೋದ್ರಿ. ಕಪ್ಪು ಸೈತ ಪೂರಾ ಖಾಲಿ ಮಾಡಿ ಹೋದ್ರಿ!”

ಶಫೀಕನಿಗೆ ಆ ಚಹಾದ ರುಚಿ ಈಗ ಬಾಯಿಗೆ ಬಂದಂತಾಯಿತು.

“ಈ ಗಿಟಾರು ಯಾಸ್ಮೀನಗ ಅಲ್ಲ,” ಎಂದಳು ಆಕೆ ತಣ್ಣಗಾದ ಮೇಲೆ. “ಆಕಿಗೆ ಸ್ಕೂಟಿ ಬೇಕಂತ. ಮೋಬೈಲ್‌ನ್ಯಾಗ ಪೋಟೋ ನೋಡಿದೆ. ಹಿಂದಿನ ಸುಟ್ಟ ಕಲಿ ಕಂಡ್ತು. ಕಂಡಮ್ಯಾಲ ಊಟ ಸೇರಲಿಲ್ಲ.”

“ಮೊದಲ ಗೊತ್ತಿದ್ರ ಗದಗು, ಶಿರಹಟ್ಟಿ ಯಾಕ ತಿರಗಿದ್ವಿ?”

“ಬೇಕಾದ ಎತ್ತಿನ ಹತ್ರ ಯಾರಾದ್ರೂ ಸೀದಾ ಹೋಗ್ತಾರೇನ್ರಿ? ಬೆಲಿ ಏರಸ್ತಾರ. ಆ ಕಡೆ ಈ ಕಡೆ ಎರಡು ನೋಡಿದಂಗ ಮಾಡಿ, ಆಮ್ಯಾಲ ಹೋಗಬೇಕು.” ಆಮೇಲೆ ಸಣ್ಣ ದನಿಯಲ್ಲಿ, “ಮತ್ತ ಇಡೀ ದಿನ ಬೇಕಿತ್ತು ನನಗ. ನಿಮ್ಮನ್ನ ಮತ್ತ ಕೇಳೂ ಹಂಗಿರಲಿಲ್ಲ. ಗಿಟಾರು ಕೇಳಬಹುದಿತ್ತು.”

ಗದಗಿನಲ್ಲಿ ಇಳಿದಾಗ ಮುಂಡರಗಿಯ ಬಸ್ಸು ಹೊರಡಲು ನಿಂತಿತ್ತು. ಶಫೀಕ ಅಲ್ಲೇ, ಆ ಗದ್ದಲದಲ್ಲೇ ಕೈ ಚಾಚಲು ಹೋದ.

“ಇಲ್ಲೆ ಬ್ಯಾಡ,” ಎಂದಳು ತಬಸ್ಸುಮ. “ಆಗ ಕೇಳಿದಾಕಿ ಇಪ್ಪತ್ತೊಂದರ ಹುಡುಗಿ. ಈಗ ನನಗ ಮೂವತ್ತೆಂಟು. ನನ್ನ ಹತ್ರ ಆಗ ಇಲ್ಲದ್ದು ಈಗ ಭಾಳ ಐತಿ. ವಿಚಾರ ಮಾಡ್ರಿ. ಗಿಟಾರು ಸರಿ ಮಾಡಿ ಇಡ್ರಿ. ಜುಮ್ಮಾ ದಿನ ಮನಿಗೆ ಬರ್ತೀನಿ.”

*

ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಮೋತಿಬಿ ರಾಟಿ ತಿರುಗಿಸಿದಳು, ಶಫೀಕ ತಾಮ್ರದ ತಂತಿ ಹಿಡಿದ. ಸುತ್ತು ಎಣಿಸಬೇಕಾದವನು ನಡುನಡುವೆ ನಕ್ಕು ಲೆಕ್ಕ ತಪ್ಪಿಸುತ್ತಿದ್ದ. ಮೂರನೆಯ ಸಲ ತಪ್ಪಿದಾಗ ಮೋತಿಬಿ ರಾಟಿ ನಿಲ್ಲಿಸಿದಳು.

“ನಿಜಾಮುದ್ದೀನ ಮಗಳು ಬಂದಿದ್ಳಂತ.”

“ಹೂಂ.”

“ಆವತ್ತು ಕಂಡಿಕಿ ಬುಟ್ಟಿ ತಗೊಂಡು ನಾ ಆ ಕೋಣಿಗೆ ಬರಬಾರದಿತ್ತು,” ಎಂದಳು ಮೋತಿಬಿ. ಶಫೀಕ ತಲೆಯೆತ್ತಿ ನೋಡಿದ. ಮುದುಕಿ ಏನೂ ಆಗದವಳಂತೆ ಹಸಿರು ರೇಷ್ಮೆ ದಾರ ಹಲ್ಲಿನಲ್ಲಿ ಕಚ್ಚಿ ಹರಿದು, ತುದಿಗೆ ಗಂಟು ಹಾಕುತ್ತಿದ್ದಳು. “ಆ ಹುಡುಗಿ ಮಾರಿ ನೋಡಿದ್ದೆ. ಹದಿನೇಳು ವರ್ಷ ಅದ ಮಾರಿ ನೆನಪೈತಿ ನನಗ. ನಿನಗ ಹೇಳಾಕ ಬಾಯಿ ಬರಲಿಲ್ಲ.”

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಶಫೀಕ ಮಗ್ಗದ ಕೋಣೆಯಲ್ಲಿ ಕೂತಿದ್ದ. ತಬಸ್ಸುಮ ಬಂದಳು. ಇಂದು ಹಸಿರು ದುಪಟ್ಟಾ. ಸುತ್ತ ನೋಡಿದಳು. ನಿಂತ ಮಗ್ಗ, ಗೋಡೆಯ ಮೊಳೆ, ತಾನು ಕೂರುತ್ತಿದ್ದ ಮರದ ಪೆಟ್ಟಿಗೆ ಎಲ್ಲ ಇದ್ದಲ್ಲೇ ಇದ್ದವು. ಆಕೆ ಪೆಟ್ಟಿಗೆಯ ಧೂಳು ಕೊಡವಿ ಅದರ ಮೇಲೇ ಕೂತಳು.

ಅವನು ಗಿಟಾರು ತೊಡೆಯ ಮೇಲಿಟ್ಟು ನುಡಿಸಿದ. ಮೊದಮೊದಲು ಬೆರಳು ಎಡವಿದವು. ಆಮೇಲೆ ಹಳೆಯ ದನಿ ಬಂತು, ಸ್ವಲ್ಪ ಮಂದ, ಸ್ವಲ್ಪ ಬೆಚ್ಚಗೆ. ಓಣಿಯಲ್ಲಿ ಯಾರೋ ಮುದುಕ “ಏ, ಕೆಂಪು ಪಿಡುಗು ಮತ್ತ ಬಂತೇನಲೇ!” ಎಂದು ಕೂಗಿದ. ತಬಸ್ಸುಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುತ್ತ ಅತ್ತಳು.

“ಕೂಲಿ ಎಷ್ಟು ಆತು?” ಎಂದಳು.

ಶಫೀಕ ಗಿಟಾರು ಪಕ್ಕಕ್ಕಿಟ್ಟ. ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿ, ಅವಳ ಕಡೆ ಚಾಚಿದ. “ಕೈ ಎಳಕೊಂಡವ್ನ ತಾನಾಗಿ ಚಾಚಬೇಕಂತ. ಚಾಚೀನಿ.”

ತಬಸ್ಸುಮ ಬಹಳ ಹೊತ್ತು ಆ ಟವೆಲ್ಲನ್ನೇ ನೋಡಿದಳು. ಆಮೇಲೆ ಕೈ ಒಳಗಿಟ್ಟಳು. ಅವಳ ಬೆರಳು ಹಗ್ಗ ಹೊಸೆದು ಒರಟಾಗಿದ್ದವು, ಅವನವು ಬೆಸುಗೆಯಿಂದ. ಮೊದಲು ಕಿರುಬೆರಳು ಹಿಡಿದಳು.

“ಇದು ನನ್ನ ಅಂಗಡಿ. ಬಿಡೂದಿಲ್ಲ. ವಾರಕ್ಕ ನಾಕ ದಿನ ಮುಂಡರಗಿ.”

“ಒಪ್ಪಿದೆ. ಮುಂಡರಗಿಯೊಳಗ ಸ್ಪೀಕರ್ ಕೆಡೂದಿಲ್ಲೇನು? ನಾನೂ ಬರ್ತೀನಿ.”

“ಇದು ನಮ್ಮಪ್ಪ. ಮೊಣಕಾಲು ನೋವು, ಬಾಯಿ ಜೋರು.”

“ಒಪ್ಪಿದೆ.”

ಮೂರನೆಯ ಬೆರಳು ಹಿಡಿದಾಗ ಅವಳ ದನಿ ತಗ್ಗಿತು. “ಇದು ತೀರಿಕೊಂಡವ್ರದು. ಒಳ್ಳೇ ಮನಷ್ಯ ಇದ್ರು. ಹನ್ನೊಂದು ವರ್ಷ ಒಂದು ಬಿರುಸು ಮಾತು ಆಡಲಿಲ್ಲ ನನಗ. ಅವ್ರ ಹೆಸರು ಬಂದಾಗ ನೀವು ಮಾರಿ ಸಣ್ಣದು ಮಾಡಬಾರದು.”

ಶಫೀಕನ ಎದೆಯಲ್ಲಿ ಏನೋ ಚುಚ್ಚಿತು. ಚುಚ್ಚಲಿಲ್ಲವೆಂದರೆ ಸುಳ್ಳಾಗುತ್ತದೆ. “ಮಾಡೂದಿಲ್ಲ,” ಎಂದ. “ನಿನ್ನ ಚಲೋ ನೋಡ್ಕೊಂಡವ್ರು. ನಮಾಜಿನ ದುವಾದಾಗ ಅವ್ರ ಹೆಸರೂ ಹಿಡೀತೀನಿ.”

ಅವಳು ತುಟಿ ಕಚ್ಚಿಕೊಂಡಳು. ನಾಲ್ಕನೆಯ ಬೆರಳು. “ಇದು ಗಿಟಾರು. ದಿನಾ ಸಂಜಿಗೆ ನುಡಸಬೇಕು. ಕೇಳಾಕ ನಾ ಅದೀನಿ.”

“ಒಪ್ಪಿದೆ. ಐದನೇದು?”

ತಬಸ್ಸುಮ ಹೆಬ್ಬೆರಳನ್ನೂ ಸೇರಿಸಿ ಇಡೀ ಕೈಯನ್ನು ಹಿಡಿದಳು. ಅವನ ಕಣ್ಣು ನೋಡುತ್ತ ಕೂತಳು, ಹದಿನೇಳು ವರ್ಷದ ಹಿಂದೆ ನೋಡಿದಂತೆಯೇ, ನಗದೆ.

ಅಷ್ಟರಲ್ಲಿ ಒಳಗಿನಿಂದ ಬಳೆ ಸದ್ದು ಬಂತು. ಚಹಾದ ಕಪ್ಪು ಬಸಿಗಳ ಸದ್ದು, ಚಪ್ಪಲಿಯ ಸದ್ದು, ಮೆಲ್ಲಗೆ ಕೆಮ್ಮುವ ಸದ್ದು. ತಬಸ್ಸುಮಳ ಕೈ ಬಿಗಿಯಾಯಿತು. ಅವಳು ಉಸಿರು ಹಿಡಿದದ್ದು ಶಫೀಕನಿಗೆ ತಿಳಿಯಿತು. ಸದ್ದು ಬಾಗಿಲ ತನಕ ಬಂತು, ಹೊಸ್ತಿಲು ದಾಟಿತು.

ಶಫೀಕನ ಕೈ ಅಲ್ಲಾಡಲಿಲ್ಲ.

“ಇದ ನೋಡು ಐದನೇದು,” ಎಂದಳು ತಬಸ್ಸುಮ. “ನೀ ಕೈ ತಗೀಬಾರದು.”

ನೀ ಎಂದಿದ್ದಳು. ಶಫೀಕ ಅದನ್ನು ಕೇಳಿಸಿಕೊಂಡ. ಕೇಳಿಸಿಕೊಂಡು, ತಾಯಿಯ ಮುಂದೆಯೇ, ಆ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ.

ಮೋತಿಬಿ ಚಹಾದ ತಾಟನ್ನು ಆಂಪಿನ ಮೇಲಿಟ್ಟಳು. ಟವೆಲ್ಲಿನ ಒಂದು ಅಂಚು ಜಾರಿ ಇಬ್ಬರ ಬೆರಳು ಕಾಣುತ್ತಿದ್ದವು. ಬಾಗಿ ಆ ಅಂಚನ್ನು ಎತ್ತಿ ಅವರ ಕೈ ಮೇಲೆ ಸರಿಯಾಗಿ ಹೊದಿಸಿದಳು. “ಚಹಾ ಆರತೈತಿ,” ಎಂದು ಹೇಳಿ, ಬಳೆ ಸದ್ದು ಮಾಡುತ್ತಲೇ ಒಳಗೆ ಹೋದಳು.